ಲಿಫ್ಟ್ ಮಾಡಿದ ಪಿಕಪ್‌ಗೆ ಯಾವ ಗೇರ್ ಅನುಪಾತ, ಯಾವ ಲಾಕರ್?

ಲಿಫ್ಟ್ ಮಾಡಿದ (ಗಾಡಿ ಎತ್ತರಿಸಿದ) ಮಾತ್ರಕ್ಕೆ ಆಕ್ಸಲ್ ಗೇರ್ ಬದಲಿಸಬೇಕಿಲ್ಲ. ಟೈರ್ ದೊಡ್ಡದಾದರೆ ಬೇಕು. ಗೇರ್ ಅನುಪಾತವೆಂದರೆ ಚಕ್ರ ಒಂದು ಸುತ್ತು ತಿರುಗಲು ಆಕ್ಸಲ್‌ಗೆ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದು. ಹಳೆ ಅನುಪಾತವನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆ ಟೈರಿನ ವ್ಯಾಸದಿಂದ ಭಾಗಿಸಿ. 4.10 ಇದ್ದು 30 ಇಂಚಿನಿಂದ 33ಕ್ಕೆ ಹೋದರೆ 4.51, ಸಿಗುವುದರಲ್ಲಿ ಹತ್ತಿರದ್ದು 4.56. ಕಾರವಾರ–ಭಟ್ಕಳ ಹೆದ್ದಾರಿಯ ಓಡಾಟವೇ ಹೆಚ್ಚಿದ್ದರೆ ಅಷ್ಟು ಸಾಕು. ಅಡಿಕೆ ಮೂಟೆ ಹೇರಿಕೊಂಡು ದೇವಿಮನೆ ಘಾಟಿ ಹತ್ತುವವರಿಗೆ 4.88 ಹಿತ. ಆದರೆ ಸಪಾಟು ರಸ್ತೆಯಲ್ಲಿ ಎಂಜಿನ್ ಜಾಸ್ತಿ ತಿರುಗಿ ಡೀಸೆಲ್ ಕುಡಿಯುತ್ತದೆ, ಆಕ್ಸಲ್‌ನ ದೊಡ್ಡ ಗೇರನ್ನು ತಿರುಗಿಸುವ ಪಿನಿಯನ್ನೂ ಚಿಕ್ಕದಾಗಿ ಬಲ ಕಳೆದುಕೊಳ್ಳುತ್ತದೆ.

ಯಾವುದೇ ಆಗಲಿ, ಮುಂದಿನ-ಹಿಂದಿನ ಆಕ್ಸಲ್ ಎರಡಕ್ಕೂ ಒಂದೇ ಅನುಪಾತ ಹಾಕಿಸಿ. ಇಲ್ಲವಾದರೆ ಫೋರ್ ವೀಲ್ ಹಾಕಿದಾಗ ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯಬಹುದು. ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಅಳೆಯಲು ಡಯಲ್ ಗೇಜ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಲೇಬೇಡಿ. 800 ಕಿ.ಮೀ. ಓಡಿದ ಮೇಲೆ ಗೇರ್ ಆಯಿಲ್ ಬದಲಿಸಿ.

ಲಾಕರ್ ಎಂದರೆ ಒಂದು ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಕಚ್ಚುವ ಸಾಧನ. ಅದರಲ್ಲಿ ತಾನಾಗಿಯೇ ಕಚ್ಚುವ ಆಟೊಮ್ಯಾಟಿಕ್ ಅಗ್ಗ, ವೈರು-ಪೈಪಿನ ಗೋಜಿಲ್ಲ. ಆದರೆ ಮಳೆಗಾಲದ ಘಾಟಿ ತಿರುವಿನಲ್ಲಿ ಖಾಲಿ ಗಾಡಿಯ ಹಿಂಭಾಗ ಜಾರಬಹುದು. ಶಿರಸಿ ಕಡೆ ದಿನವೂ ಓಡಾಡುವವರಿಗೆ ಬೇಡವೆಂದೇ ಹೇಳುತ್ತೇನೆ. ಗಾಳಿಯ ಒತ್ತಡದಿಂದ ಕಚ್ಚುವ ಏರ್ ಲಾಕರ್ ದುಬಾರಿ, ಅದರ ಗಾಳಿ ಪೈಪ್ ಸೈಲೆನ್ಸರ್‌ಗೆ ತಾಗಿದರೆ ಕರಗುತ್ತದೆ. ಆದರೂ ಸ್ವಿಚ್ ಒತ್ತಿದಾಗಷ್ಟೇ ಕಚ್ಚುತ್ತದೆ, ಕಂಪ್ರೆಸರ್ ದೊಡ್ಡದಿದ್ದರೆ ಮರಳಲ್ಲಿ ಓಡಿಸಲೆಂದು ಗಾಳಿ ಇಳಿಸಿದ ಟೈರಿಗೂ ಮತ್ತೆ ಗಾಳಿ ತುಂಬಬಹುದು. ಎಲೆಕ್ಟ್ರಿಕ್ ಲಾಕರ್‌ಗೆ ಬಿಡಿಭಾಗ ಕಡಿಮೆ, ಕಡಲ ಉಪ್ಪುಗಾಳಿಗೆ ಮಾತ್ರ ಕನೆಕ್ಟರ್ ಹಸಿರುಗಟ್ಟುತ್ತದೆ.

ತೋಟದ ಕೆಸರಿಗಷ್ಟೇ ಆದರೆ ಹಿಂದಿನ ಆಕ್ಸಲ್‌ಗೊಂದು ಸಾಕು. ಮುಂದಿನದೂ ಲಾಕಾದರೆ ಸ್ಟೀರಿಂಗ್ ತಿರುಗಿಸುವುದೇ ಕಷ್ಟ.