ಸೂರ್ಯಾಸ್ತಕ್ಕೆ ದುಡ್ಡು ಕೊಟ್ಟು ಚಂದ್ರೋದಯ ನೋಡಿ ಬಂದೆವು

ನಾನು ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜಿನಲ್ಲಿ, ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಹತ್ತಿ ಮಾರಾಟದ ಪಟ್ಟಿ ಕೈಗೆ ಬಂದರೆ ದರಕ್ಕಿಂತ ಮೊದಲು ಕಡಿತದ ಸಾಲುಗಳನ್ನು ಓದುವ ಚಟ ನನ್ನದು. ಹಾಗಾಗಿ ಮುಂಬೈಯಲ್ಲಿರುವ ತಮ್ಮ ಫೋನ್ ಮಾಡಿ, "ಅಕ್ಕಾ, ಅಪ್ಪನ ನಿವೃತ್ತಿಯ ಸಂಭ್ರಮಕ್ಕೆ ಒಂದು ಯಾಟ್, ಮೋಜಿನ ದೋಣಿ, ಗೊತ್ತುಮಾಡೋಣ" ಎಂದಾಗ ನಾನು ಬಾಡಿಗೆ ಎಷ್ಟೆಂದು ಕೇಳಲಿಲ್ಲ, ಬಾಡಿಗೆಯ ಹೊರಗೆ ಏನೇನಿದೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮಾತಾಡುವ ಕೆಲಸ ನನ್ನ ಕೊರಳಿಗೆ ಬಿತ್ತು.

ಅಪ್ಪ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಲ್ಲಿ 34 ವರ್ಷ ದುಡಿದವರು. ನೀರಿನ ಮೇಲೆ ಅವರು ಹೋದದ್ದೆಂದರೆ ಕೃಷ್ಣೆ ದಾಟಿ ಕುರುವಪುರಕ್ಕೆ, ಅದೂ ಹರಿಗೋಲಿನಲ್ಲಿ. "ಅಷ್ಟು ದುಡ್ಡು ಕೊಟ್ಟು ಉಪ್ಪುನೀರು ನೋಡುವುದೇ?" ಎಂದು ಗೊಣಗಿದರು. ಆದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಆಯಿತೇ ಎಂದು ದಿನಕ್ಕೊಮ್ಮೆ ಕೇಳಿದವರೂ ಅವರೇ.

ನಾವು ಮಾತಾಡಿದ್ದು ದೋಣಿಯವರ ಜೊತೆಗಲ್ಲ, ಅವರಿಗೆ ಗಿರಾಕಿ ತಂದುಕೊಡುವ ಒಂದು ಸಂಸ್ಥೆಯ ಜೊತೆ. ಹೆಸರು ಬರೆಯುವುದಿಲ್ಲ. ಗಂಜಿನಲ್ಲಿ ಇಂಥವರಿಗೆ ದಲಾಲಿ ಎನ್ನುತ್ತೇವೆ, ಅದರಲ್ಲಿ ಅವಮಾನವೇನಿಲ್ಲ. ಒಳ್ಳೆಯ ದಲಾಲಿ ಮಾಲಿನ ದೋಷವನ್ನು ತಾನೇ ಮೊದಲು ಹೇಳುತ್ತಾನೆ. ಈತ ಹೇಳಲಿಲ್ಲ. ಗೇಟ್‌ವೇ ಆಫ್ ಇಂಡಿಯಾದಿಂದ ಹೊರಡುವ ಎಂಜಿನ್ ದೋಣಿ, ಸಂಜೆ ಐದೂವರೆಯಿಂದ ಏಳೂವರೆ, ಹನ್ನೆರಡು ಜನರಿಗೆ ಪರವಾನಗಿ, ನಾವು ಹನ್ನೊಂದು ಮಂದಿ. ಎರಡು ಗಂಟೆಗೆ 24,000 ರೂಪಾಯಿ. ಜೊತೆಗೊಂದು ಫೋಟೊ ಕಳಿಸಿದ: ಕಿತ್ತಳೆ ಬಣ್ಣದ ಸೂರ್ಯ ಅರ್ಧ ಸಮುದ್ರದಲ್ಲಿ, ಮುಂದೆ ಕೇಕು. "ಸೂರ್ಯ ಮುಳುಗುವಾಗಲೇ ಕೇಕ್ ಕತ್ತರಿಸಬಹುದು ಮೇಡಂ" ಎಂದ.

ಒಂದು ವಿಷಯದಲ್ಲಿ ಮಾತ್ರ ನಾನು ಜಗ್ಗಲಿಲ್ಲ. 2024ರ ಡಿಸೆಂಬರ್ 18ರಂದು ಇದೇ ನೀರಿನಲ್ಲಿ, ಎಲಿಫೆಂಟಾಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ಸತ್ತದ್ದು ನನ್ನ ತಲೆಯಲ್ಲಿತ್ತು. ಹನ್ನೊಂದು ಜೀವರಕ್ಷಕ ಜಾಕೆಟ್, ಅದರಲ್ಲಿ ಎರಡು ಮಕ್ಕಳ ಅಳತೆಯವು, ಎಣಿಸಿ ಫೋಟೊ ಕಳಿಸಿದ ಮೇಲೆಯೇ ಮುಂಗಡ ಹಾಕುತ್ತೇನೆ ಎಂದೆ. ಎರಡು ದಿನ ಆಡಿಸಿ ಕಳಿಸಿದ.

ತಮ್ಮ ತನ್ನ ರಜೆ ನೋಡಿ ಹಿಡಿದ ಭಾನುವಾರ ಮಾಘದ ಭಾರತ ಹುಣ್ಣಿಮೆಯಾಗಿತ್ತು. ಹುಣ್ಣಿಮೆಯ ದಿನ ಮನೆಯಲ್ಲಿ ದೀಪ ಹಚ್ಚದೆ ಊರು ಬಿಟ್ಟು ಹೋಗುವುದೇ ಎಂದು ಅಮ್ಮ ಬೇಡವೆಂದರು. ಅವರ ಮಾತು ಕೇಳಬೇಕಿತ್ತು ಎಂದು ಗೇಟ್‌ವೇಯ ಮೆಟ್ಟಿಲ ಮೇಲೆ ನಿಂತಾಗ ಅನಿಸಿತು, ಕಾರಣ ಮಾತ್ರ ಬೇರೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಅಲ್ಲಿ ಸಮುದ್ರ ನಡುಹಗಲಿಗೂ ನಡುರಾತ್ರಿಗೂ ಉಕ್ಕುತ್ತದೆ, ಬೆಳಗ್ಗೆ ಸಂಜೆ ಆರರ ಸುಮಾರಿಗೆ ತಳ ಕಾಣುವಷ್ಟು ಇಳಿಯುತ್ತದೆ. ಭರತಕ್ಕೂ ಇಳಿತಕ್ಕೂ ನಾಲ್ಕು ಮೀಟರಿನ ಆಸುಪಾಸು ಅಂತರ. ಮಧ್ಯಾಹ್ನ ನೀರೊಳಗಿದ್ದ ಮೆಟ್ಟಿಲುಗಳೆಲ್ಲ ನಾವು ಹೋದ ಹೊತ್ತಿಗೆ ಹೊರಗಿದ್ದವು, ಮೇಲೆ ಹಸಿರು ಪಾಚಿ. ಅಮ್ಮ ಉಟ್ಟದ್ದು ಹೊಸ ಇಳಕಲ್ ಸೀರೆ, ಎರಡೂ ಮಂಡಿ ನೋವಿನವು. ಯಾಟ್ ಅಲ್ಲಿ ದಡಕ್ಕೆ ಬರುವುದಿಲ್ಲ, ದೂರದಲ್ಲಿ ಲಂಗರು ಹಾಕಿರುತ್ತದೆ. ಒಂದು ಸಣ್ಣ ದೋಣಿ ನಮ್ಮನ್ನು ಅಲ್ಲಿಗೆ ಮುಟ್ಟಿಸಬೇಕು. ಆ ಸಣ್ಣ ದೋಣಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಖಲಾಸಿ ಹುಡುಗ ಒಂದು ಕಾಲು ಮೆಟ್ಟಿಲಿನಲ್ಲಿ, ಒಂದು ಕಾಲು ದೋಣಿಯಲ್ಲಿಟ್ಟು ಅಮ್ಮನ ಮೊಣಕೈ ಹಿಡಿದು, "ಸಾವಕಾಶ ಮಾವ್ಶಿ, ಸಾವಕಾಶ" ಎಂದ. ಅಮ್ಮನಿಗೆ ಮರಾಠಿ ಬಾರದು, ಆದರೆ ಸಾವಕಾಶ ನಮ್ಮಲ್ಲೂ ಸಾವಕಾಶವೇ. ಅವನ ಮುಖ ನೋಡಿದರು, ಕಾಲಿಟ್ಟರು.

ಎರಡು ಸರದಿಯಲ್ಲಿ ಎಲ್ಲರೂ ಯಾಟ್ ಸೇರುವಾಗ ಐದು ಐವತ್ತೈದು. ಗಡಿಯಾರ ಶುರುವಾದದ್ದು ಮಾತ್ರ ಐದೂವರೆಗೆ. ಇದನ್ನೂ ಫೋನಿನಲ್ಲಿ ಯಾರೂ ಹೇಳಿರಲಿಲ್ಲ. ಸಣ್ಣ ದೋಣಿಗೆ ತಲೆಗೆ ನೂರರಂತೆ 1,100 ರೂಪಾಯಿ ಬೇರೆ.

ದೋಣಿ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಗುಡಿಗೆ ಹೋದಂತೆ ಚಪ್ಪಲಿಯನ್ನು ಬುಟ್ಟಿಯಲ್ಲಿ ಬಿಟ್ಟು ಬರಿಗಾಲಲ್ಲಿ ಹತ್ತಬೇಕು. ಮುಂಭಾಗದಲ್ಲಿ ಹಾಸಿಗೆಯಂಥ ಮೆತ್ತೆ, ಒಳಗೆ ಎಂಟು ಜನ ಕೂರುವ ತಂಪು ಕೋಣೆ, ಬಚ್ಚಲು ಸಣ್ಣದಾದರೂ ಶುಚಿ. ಅಲಂಕಾರಕ್ಕೆಂದು ತೆಗೆದುಕೊಂಡ 3,500 ರೂಪಾಯಿ ದಂಡ. ದೋಣಿ ಹೊರಟ ಐದು ನಿಮಿಷಕ್ಕೆ ಬಲೂನುಗಳಲ್ಲಿ ಅರ್ಧ ಗಾಳಿಪಾಲು, ಮೇಣದಬತ್ತಿ ಹೊತ್ತಿಕೊಳ್ಳಲೇ ಇಲ್ಲ.

ಇನ್ನು ಸೂರ್ಯ. ಗೇಟ್‌ವೇ ಇರುವುದು ಮುಂಬೈಯ ಪೂರ್ವದ ಮಗ್ಗುಲಿಗೆ. ಅದರ ಮುಂದಿನದು ಬಂದರಿನ ಕೊಲ್ಲಿ, ಆಚೆ ದಡದಲ್ಲಿ ಉರಣ್. ಸೂರ್ಯ ಸಮುದ್ರಕ್ಕಿಳಿಯುವುದು ಊರಿನ ಬೆನ್ನ ಹಿಂದೆ, ಮರೀನ್ ಡ್ರೈವ್ ಕಡೆ. ಅಲ್ಲಿಗೆ ಮುಟ್ಟಬೇಕಾದರೆ ಕೊಲಾಬಾದ ತುದಿ ಸುತ್ತಬೇಕು, ಎರಡು ಗಂಟೆಯಲ್ಲಿ ಆಗದ ಮಾತು ಎಂದು ದೋಣಿ ನಡೆಸುವ ತಾಂಡೇಲ ನಕ್ಕರು. ಭೂಗೋಳದ ಪುಸ್ತಕ ತೆರೆದಿದ್ದರೆ ನನಗೇ ಹೊಳೆಯುತ್ತಿತ್ತು. ನಮ್ಮ ಸೂರ್ಯ ತಾಜ್ ಹೋಟೆಲಿನ ಗುಮ್ಮಟದ ಹಿಂದೆ ಸದ್ದಿಲ್ಲದೆ ಇಳಿದ. ಗೇಟ್‌ವೇ ಹಳೆಯದೋ ಹೋಟೆಲ್ ಹಳೆಯದೋ ಎಂದು ಅಪ್ಪ ಕೇಳಿದರು. ಹೋಟೆಲ್ 1903ರದು, ಗೇಟ್‌ವೇ ಪೂರ್ತಿಯಾದದ್ದು 1924ರಲ್ಲಿ. ಅಪ್ಪ ನಂಬಲಿಲ್ಲ, ತಮ್ಮನ ಮೊಬೈಲಿನಲ್ಲಿ ಹುಡುಕಿಸಿದರು.

ಕೇಕ್ ಕತ್ತರಿಸಲೆಂದು ಎಂಜಿನ್ ನಿಲ್ಲಿಸಿದರು. ನಿಂತ ದೋಣಿ ಓಡುವ ದೋಣಿಗಿಂತ ಹೆಚ್ಚು ತೂಗುತ್ತದೆ ಎಂಬುದು ಆಗ ತಿಳಿಯಿತು. ತಮ್ಮನ ಮಗಳು ವಾಂತಿ ಮಾಡಿಕೊಂಡಳು. ಮಾತ್ರೆ ತಂದಿದ್ದೆವು, ಆದರೆ ಅದನ್ನು ಹೊರಡುವ ಮೊದಲೇ ನುಂಗಬೇಕು; ಹೊಟ್ಟೆ ತೊಳಸಿದ ಮೇಲೆ ಕೊಟ್ಟರೆ ಅದೂ ಹೊರಗೇ ಬರುತ್ತದೆ. ಖಲಾಸಿ ಅವಳನ್ನು ಹಿಂಭಾಗದಲ್ಲಿ ಕೂರಿಸಿ, ದೂರದ ದಡದ ದೀಪ ನೋಡುತ್ತಿರು ಎಂದ. ಹತ್ತು ನಿಮಿಷದಲ್ಲಿ ಸುಧಾರಿಸಿಕೊಂಡಳು.

ಅಷ್ಟರಲ್ಲಿ ಜನರೇಟರ್ ಕೆಮ್ಮಿ ಕೆಮ್ಮಿ ಸತ್ತಿತು. ಹಾಡು ನಿಂತಿತು, ದೀಪ ಹೋದವು, ತಂಪು ಕೋಣೆ ಬಿಸಿಯಾಯಿತು. ಅಪ್ಪ ಆ ಸಂಜೆ ಮೊದಲ ಬಾರಿಗೆ ನೆಟ್ಟಗೆ ಕೂತರು. "ಡೀಸೆಲ್ ಕೊಳವೆಯಲ್ಲಿ ಗಾಳಿ ಹಿಡಿದಿದೆ" ಎಂದರು, ಎದ್ದೇ ಬಿಟ್ಟರು. ಹಿಂಭಾಗದ ಮುಚ್ಚಳ ತೆಗೆದು ಖಲಾಸಿ ಒಳಗೆ ತಲೆ ಹಾಕಿದ. ಅಪ್ಪ ಮೊಬೈಲಿನ ಬೆಳಕು ಹಿಡಿದು ಮಂಡಿಯೂರಿದರು. ಅವನು ಒಂದು ನಟ್ಟು ಅರ್ಧ ಸುತ್ತು ಸಡಿಲಿಸಿ ಕೈಪಂಪು ಒತ್ತುತ್ತಾ ಹೋದ. ನೊರೆನೊರೆಯಾಗಿ ಬರುತ್ತಿದ್ದ ಡೀಸೆಲ್ ನಿಧಾನಕ್ಕೆ ಗುಳ್ಳೆಯಿಲ್ಲದೆ ಹರಿಯಿತು. ಇವರಿಗೆ ಮರಾಠಿ ಬಾರದು, ಅವನಿಗೆ ಕನ್ನಡ ಬಾರದು, ಬೆರಳಲ್ಲೇ ಮಾತಾಯಿತು. ನಿವೃತ್ತಿಯ ದಿನ ಸ್ಥಾವರದಲ್ಲಿ ಶಾಲು ಹೊದಿಸಿದಾಗಲೂ ಆ ಮುಖದಲ್ಲಿ ಅಷ್ಟು ಬೆಳಕು ನಾನು ನೋಡಿರಲಿಲ್ಲ.

ಆ ಕತ್ತಲೆಯ ಹದಿನೈದು ನಿಮಿಷದಲ್ಲೇ ಅಮ್ಮ "ಅಲ್ಲಿ ನೋಡಿರಿ" ಎಂದದ್ದು. ಉರಣ್ ಕಡೆಯ ಮಬ್ಬಿನಿಂದ ಚಂದ್ರ ಎದ್ದಿದ್ದ, ಕಾಯಿಸಿದ ತಾಮ್ರದ ತಟ್ಟೆಯಂತೆ. ಅವನಿಂದ ನಮ್ಮ ದೋಣಿಯವರೆಗೆ ನೀರಿನ ಮೇಲೆ ಒಂದೇ ದಾರಿ. ಪೂರ್ವಕ್ಕೆ ತೆರೆದ ಕೊಲ್ಲಿಯಲ್ಲಿ ಹುಣ್ಣಿಮೆಯ ಸಂಜೆ ಮಾರಬೇಕಾದ ಮಾಲು ಇದು! ಆ ದಲಾಲಿಗೆ ತನ್ನ ಅಂಗಡಿಯಲ್ಲೇನಿದೆ ಎಂದು ಗೊತ್ತಿಲ್ಲ. ಅಮ್ಮ ಕೈಮುಗಿದರು, ಊರಲ್ಲಿ ದೀಪ ಹಚ್ಚದೆ ಬಂದ ತಪ್ಪು ಅಲ್ಲಿಗೆ ಸರಿಹೋಯಿತಂತೆ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಅವರ ತಟ್ಟೆ ತಲೆಗೆ 450 ರೂಪಾಯಿ ಎಂದಿದ್ದಕ್ಕೆ ಬೇಡವೆಂದು ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಎಣ್ಣೆಗಾಯಿ ಕಟ್ಟಿಕೊಂಡು ಹೋಗಿದ್ದೆವು. ರೊಟ್ಟಿ ಗಾಳಿಗೆ ಹಾರುತ್ತದೆ, ಮೇಲೆ ಭಾರ ಇಡಬೇಕು. ತಾಂಡೇಲರು ಹಿಂಡಿ ಎರಡು ಸಲ ಹಾಕಿಸಿಕೊಂಡರು, ನಮಗೆ ಹದಿನೈದು ನಿಮಿಷ ಹೆಚ್ಚು ಕೊಟ್ಟರು. ಎರಡಕ್ಕೂ ಸಂಬಂಧವಿದೆಯೇ ಎಂದು ನಾನು ಕೇಳಲಿಲ್ಲ.

ಹೋಗುವವರು ಹುಣ್ಣಿಮೆಯಲ್ಲೇ ಹೋಗಿ, ಆದರೆ ಮಂಡಿ ನೋವಿನವರು ಜೊತೆಗಿದ್ದರೆ ಇಳಿತದ ಹೊತ್ತು ನೋಡಿಕೊಂಡು ದಿನ ಬದಲಿಸಿ. ಮಳೆಗಾಲದಲ್ಲಿ ಕೇಳಲೇಬೇಡಿ. ದೋಣಿಯ ಇಬ್ಬರಿಗೆ ಐದಕ್ಕೆ ಐದು ಅಂಕ. ಗೊತ್ತುಮಾಡಿಕೊಟ್ಟ ಸಂಸ್ಥೆಗೆ ಎರಡು, ಅದೂ ಜಾಕೆಟ್ ಎಣಿಸಿ ತೋರಿಸಿದ್ದಕ್ಕೆ.

ಬಾಡಿಗೆ 24,000, ಜಿಎಸ್‌ಟಿ 4,320, ಅಲಂಕಾರ 3,500, ಸಣ್ಣ ದೋಣಿ 1,100. ಒಟ್ಟು 32,920, ಎಂದರೆ ತಲೆಗೆ ಮೂರು ಸಾವಿರಕ್ಕೆ ಏಳು ರೂಪಾಯಿ ಕಡಿಮೆ. "ವಸ್ತು ಮುರಿದರೆ" ಎಂದು ಇಟ್ಟುಕೊಂಡ 2,000 ರೂಪಾಯಿ ಠೇವಣಿ ಮೂರು ದಿನದಲ್ಲಿ ವಾಪಸು ಎಂದಿದ್ದರು. ಇವತ್ತಿಗೆ ಇಪ್ಪತ್ತಾರು ದಿನ. ನಿನ್ನೆ ಆ ದಲಾಲಿಯೇ ಫೋನ್ ಮಾಡಿ ಐದು ನಕ್ಷತ್ರ ಕೊಡಿ ಮೇಡಂ ಎಂದ. ಠೇವಣಿ ಎಲ್ಲಿ ಎಂದೆ. ಸಿಗ್ನಲ್ ಇಲ್ಲ ಎಂದು ಇಟ್ಟುಬಿಟ್ಟ. ನನ್ನ ವಹಿಯಲ್ಲಿ ಅದು ಬರಬೇಕಾದ ಬಾಕಿಯ ಪುಟದಲ್ಲಿದೆ, ಕೆಂಪು ಶಾಯಿಯಲ್ಲಿ.