ಕೊಡವೂರಿನ ಹಿತ್ತಲಲ್ಲಿ ಇನ್ಫ್ರಾಸೌಂಡ್ ಪೆಟ್ಟಿಗೆ: ಹದಿನಾಲ್ಕು ತಿಂಗಳ ಅನುಭವ

ಇನ್ಫ್ರಾಸೌಂಡ್, ಅಂದರೆ ನಮ್ಮ ಕಿವಿಗೆ ಕೇಳದಷ್ಟು ಕಡಿಮೆ ಆವೃತ್ತಿಯ ಶಬ್ದ, ಅದನ್ನು ಅಳೆಯುವ ಈ ಪೆಟ್ಟಿಗೆ ತಗೊಳ್ಳಬೇಕು ಅಂತ ಯೋಚಿಸುವವರಿಗೆ ಮೊದಲೇ ಹೇಳುತ್ತೇನೆ. ಪೆಟ್ಟಿಗೆಗೆ ನಾನು ಕೊಟ್ಟದ್ದು 14,500 ರೂಪಾಯಿ. ಆದರೆ ಅದು ನಿಜವಾಗಿ ಕೆಲಸ ಶುರು ಮಾಡಿದ್ದು ಉಡುಪಿಯ ತೋಟದ ಸಾಮಾನಿನ ಅಂಗಡಿಯಿಂದ 640 ರೂಪಾಯಿಯ ಡ್ರಿಪ್ ಪೈಪ್ ತಂದ ಮೇಲೆ. ಆ ಪೈಪಿನ ಬಗ್ಗೆ ಜೊತೆಗೆ ಬಂದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಕಂಪೆನಿಯ ಹೆಸರು ಬರೆಯುತ್ತಿಲ್ಲ. ನನ್ನ ತಕರಾರನ್ನು ಅವರಿಗೇ ನೇರ ಕಳಿಸಿದ್ದೇನೆ. ಈ ಬಗೆಯ ಪೆಟ್ಟಿಗೆಗಳ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ, ಹಾಗಾಗಿ ಯಾವುದನ್ನು ತಗೊಂಡರೂ ಇದು ಉಪಯೋಗಕ್ಕೆ ಬಂದೀತು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. 20 ಹರ್ಟ್ಜ್‌ಗಿಂತ ಕೆಳಗಿನ ಶಬ್ದ ಮನುಷ್ಯರಿಗೆ ಕೇಳುವುದಿಲ್ಲ ಅಂತ ಪ್ರತಿ ವರ್ಷ ಬರೆಸಿದೆ. ತೋರಿಸಲಿಕ್ಕೆ ಮಾತ್ರ ಒಂದು ದಿನವೂ ಆಗಲಿಲ್ಲ. 2022ರ ಜನವರಿ 15ರಂದು ಟೋಂಗಾದಲ್ಲಿ ಕಡಲೊಳಗಿನ ಜ್ವಾಲಾಮುಖಿ ಸಿಡಿಯಿತು. ಅಲ್ಲಿಂದ ನಮ್ಮೂರಿಗೆ ಸುಮಾರು 12,500 ಕಿಲೋಮೀಟರ್. ಅದರ ಒತ್ತಡದ ಅಲೆ ಸುಮಾರು ಹನ್ನೊಂದು ಗಂಟೆ ಪ್ರಯಾಣ ಮಾಡಿ, ಅದೇ ರಾತ್ರಿ ಒಂಬತ್ತರ ಆಸುಪಾಸಿಗೆ ನಮ್ಮ ತಲೆ ಮೇಲೆ ಹಾದುಹೋಗಿದೆ. ನಾವು ಗಂಜಿ ಊಟ ಮಾಡುತ್ತಿದ್ದ ಹೊತ್ತು. ಅಳೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ಕೊರಗು ಉಳಿದೇ ಹೋಗಿತ್ತು.

ಪೆಟ್ಟಿಗೆ ಊಟದ ಡಬ್ಬಿಯಷ್ಟು ದೊಡ್ಡದು. ಒಳಗೆ ಎರಡು ಬಾಯಿಯ ಒತ್ತಡದ ಸೆನ್ಸರ್. ಒಂದು ಬಾಯಿ ಹೊರಗಿನ ಗಾಳಿಗೆ ತೆರೆದಿದೆ. ಇನ್ನೊಂದು ಸಣ್ಣ ಮುಚ್ಚಿದ ಬಾಟಲಿಗೆ ಸೇರಿದೆ. ಬಾಟಲಿಗೆ ಕೂದಲಿನಷ್ಟು ಸಪೂರದ ಒಂದು ಸೋರು ಕೊಳವೆ. ಹವೆಯ ಒತ್ತಡ ನಿಧಾನಕ್ಕೆ ಏರಿಳಿದರೆ ಆ ಕೊಳವೆಯ ಮೂಲಕ ಎರಡೂ ಬದಿ ಸಮ ಆಗಿಬಿಡುತ್ತದೆ. ಬೇಗ ಬದಲಾದರೆ ಬಾಟಲಿ ಹಿಂದೆ ಬೀಳುತ್ತದೆ, ಆ ವ್ಯತ್ಯಾಸ ಪರದೆಯಲ್ಲಿ ಗೆರೆಯಾಗಿ ಕಾಣುತ್ತದೆ. ಎಷ್ಟು ಸರಳ ಉಪಾಯ ನೋಡಿ! ಬಂದ ದಿನವೇ ಒಂದು ಪರೀಕ್ಷೆ ಮಾಡಿದೆ. ಮೇಜಿನಿಂದ ಎತ್ತಿ ಮುಕ್ಕಾಲು ಮೀಟರ್ ಕೆಳಗೆ ನೆಲದಲ್ಲಿಟ್ಟೆ. ಗೆರೆ ಸುಮಾರು 9 ಪಾಸ್ಕಲ್ ಹಾರಿತು. ಕೆಳಗೆ ಬಂದಷ್ಟೂ ಹವೆಯ ಒತ್ತಡ ಜಾಸ್ತಿ, ಹಾಗಾಗಿ ಲೆಕ್ಕಕ್ಕೆ ಸರಿ. ಸೆನ್ಸರಿನ ವಿಷಯದಲ್ಲಿ ನನಗೆ ಒಂದು ಚೂರೂ ದೂರಿಲ್ಲ.

ತೊಂದರೆ ಶುರುವಾದದ್ದು ಹಿತ್ತಲಿಗೆ ತಂದಿಟ್ಟ ಮೇಲೆ. ನಮ್ಮ ಮನೆಗೂ ಮಲ್ಪೆ ಕಡಲಿಗೂ ಎರಡು ಕಿಲೋಮೀಟರ್ ದೂರ. ಹನ್ನೊಂದು ಗಂಟೆಗೆ ಕಡಲ ಗಾಳಿ ಎದ್ದರೆ ಸಂಜೆಯವರೆಗೆ ತೆಂಗಿನ ಗರಿ ಸುಮ್ನೆ ನಿಲ್ಲುವುದಿಲ್ಲ. ಪರದೆ ತುಂಬ ಬರೀ ಗಾಳಿಯ ಗೀಚು. ಕಂಪೆನಿ ಕೊಟ್ಟ ಸ್ಪಂಜಿನ ಟೋಪಿ ಹಾಕಿದರೂ ಅಷ್ಟೇ, ತೆಗೆದರೂ ಅಷ್ಟೇ. ಎರಡು ತಿಂಗಳು ಹೀಗೇ ಹೋಯಿತು. ವಾಪಸ್ ಕಳಿಸುವ ಅಂತಲೂ ಅನ್ನಿಸಿತ್ತು.

ಆಮೇಲೆ ಅಣುಪರೀಕ್ಷೆ ನಿಷೇಧ ಒಪ್ಪಂದದ ಕೇಂದ್ರಗಳ ಬಗ್ಗೆ ಓದಿದೆ. 1996ರ ಆ ಒಪ್ಪಂದದಲ್ಲಿ, ಯಾರಾದರೂ ಕದ್ದು ಬಾಂಬ್ ಸಿಡಿಸಿದರೆ ತಿಳಿಯಲೆಂದು ಜಗತ್ತಿನಾದ್ಯಂತ 60 ಇನ್ಫ್ರಾಸೌಂಡ್ ಕೇಂದ್ರಗಳ ಯೋಜನೆ ಇದೆ. ಭಾರತ ಸಹಿ ಹಾಕಿಲ್ಲ, ನಮ್ಮಲ್ಲಿ ಅಂಥ ಕೇಂದ್ರ ಇಲ್ಲ. ಹಿಂದೂ ಮಹಾಸಾಗರದ ಡಿಯೇಗೊ ಗಾರ್ಸಿಯಾದಲ್ಲಿ ಒಂದಿದೆ. ಅಲ್ಲೆಲ್ಲ ಸೆನ್ಸರಿನ ಸುತ್ತ ನೆಲದ ಮೇಲೆ ಹತ್ತಾರು ಮೀಟರ್ ಅಗಲಕ್ಕೆ ಪೈಪುಗಳನ್ನು ಹರಡಿರುತ್ತಾರೆ, ಪೈಪಿಗೆ ಅಲ್ಲಲ್ಲಿ ಬಾಯಿ. ಗಾಳಿಯ ಸುಳಿ ಸಣ್ಣದು. ಒಂದು ಬಾಯಿಯನ್ನು ಒತ್ತುವಾಗ ಇನ್ನೊಂದನ್ನು ಎಳೆಯುತ್ತದೆ, ಒಟ್ಟಿಗೆ ಸೇರಿಸಿದರೆ ಒಂದಕ್ಕೊಂದು ವಜಾ ಆಗುತ್ತದೆ. ಇನ್ಫ್ರಾಸೌಂಡಿನ ಅಲೆ ಹಾಗಲ್ಲ. 1 ಹರ್ಟ್ಜ್‌ನ ಅಲೆ ಸುಮಾರು 340 ಮೀಟರ್ ಉದ್ದ, ಎಲ್ಲ ಬಾಯಿಗಳಿಗೂ ಒಟ್ಟಿಗೇ ತಾಗುತ್ತದೆ.

ಅಡಿಕೆ ತೋಟದ ಊರಿನಲ್ಲಿ ಪೈಪಿಗೆ ಬರವೇ? 16 ಮಿಲಿಮೀಟರಿನ ಡ್ರಿಪ್ ಪೈಪ್ ಇಪ್ಪತ್ತನಾಲ್ಕು ಮೀಟರ್, ಒಂದು ನಾಲ್ಕು ಕವಲಿನ ಜಾಯಿಂಟ್, ತೂತು ಹೊಡೆಯುವ ಪಂಚ್ ತಗೊಂಡೆ. ತುಂಬ ಸಣ್ಣ ತೂತು ಬೇಕು ಅಂದಾಗ ಅಂಗಡಿಯವರು ಕೇಳಿದರು: "ಎಂತ ಟೀಚರೇ, ಇಷ್ಟು ಸಣ್ಣ ತೂತಿನಲ್ಲಿ ನೀರು ಹೋಗ್ಲಿಕ್ಕುಂಟಾ?"

"ನೀರಲ್ಲ ಮಾರಾಯ್ರೇ, ಗಾಳಿ" ಅಂದೆ. ಪೂರ್ತಿ ಕತೆ ಕೇಳಿ, ಅವರೇ ಕೂತು ಎಲ್ಲ ತೂತು ಹೊಡೆದು ಕೊಟ್ಟರು. ಅದಕ್ಕೆ ಹಣ ತಗೊಳ್ಳಲಿಲ್ಲ.

ನಾಲ್ಕು ದಿಕ್ಕಿಗೆ ಆರಾರು ಮೀಟರ್ ಹರಡಿ, ಮೇಲೆ ತರಗೆಲೆ ಮುಚ್ಚಿದೆ. ಆ ರಾತ್ರಿ ಮೂರು ಗಂಟೆಗೆ ಎದ್ದು ನೋಡಿದೆ. ಗೀಚು ಹೋಗಿತ್ತು. ಅದರ ಜಾಗದಲ್ಲಿ ಸಣ್ಣಗೆ, ಸಮವಾಗಿ ಏರಿ ಇಳಿಯುವ ಒಂದು ಗೆರೆ. ಸುಮಾರು ಐದು ಸೆಕೆಂಡಿಗೆ ಒಂದು ಏರಿಳಿತ. ಅದು ಕಡಲು! ದಡಕ್ಕೆ ಬಡಿಯುವ ಅಲೆಯ ಸದ್ದಲ್ಲ. ದೂರದ ಆಳಕಡಲಿನಲ್ಲಿ ಎದುರುಬದುರು ಬರುವ ಅಲೆಗಳು ಸೇರುವಾಗ ನೀರಿನ ಮೈಯೇ ಮೇಲೆ ಕೆಳಗೆ ಆಗಿ ಗಾಳಿಯನ್ನು ತಳ್ಳುತ್ತದೆ. ಹತ್ತು ಸೆಕೆಂಡಿನ ಅಲೆಗಳು ಹೀಗೆ ಕೂಡಿದರೆ ಹುಟ್ಟುವ ಶಬ್ದ ಐದು ಸೆಕೆಂಡಿನದು. ಅದಕ್ಕೆ ಮೈಕ್ರೋಬ್ಯಾರಮ್ ಅಂತ ಹೆಸರು. ನನ್ನ ಪರದೆಯಲ್ಲಿ ಅದರ ಎತ್ತರ 0.1 ಪಾಸ್ಕಲ್, ಅಂದರೆ ನಮ್ಮ ಸುತ್ತಲಿನ ಹವೆಯ ಒತ್ತಡದ ಹತ್ತು ಲಕ್ಷದಲ್ಲಿ ಒಂದು ಪಾಲು. ಬೆಳಗಾಗುವವರೆಗೆ ಅಲ್ಲಿಂದ ಏಳಲಿಲ್ಲ.

ಇನ್ನೊಂದು ಸಂತೋಷ ಕಲ್ಲುಕೋರೆಯಿಂದ ಬಂತು. ನಮಗೆ ಪೂರ್ವದಲ್ಲಿ 18 ಕಿಲೋಮೀಟರ್ ದೂರದ ಕೋರೆಯ ಪಕ್ಕ ಚಿಕ್ಕಮ್ಮನ ಮಗನ ಮನೆ ಇದೆ. ಸಿಡಿಸಿದ ಕೂಡಲೇ ಅವನು ಫೋನಿನಲ್ಲಿ ಹೇಳುತ್ತಾನೆ, ನಾನು ಗಡಿಯಾರ ನೋಡುತ್ತೇನೆ. 52 ಸೆಕೆಂಡಿಗೆ ಗೆರೆ ಕುಣಿಯುತ್ತದೆ. ಆದರೆ ಬೆಳಿಗ್ಗೆ ಸಿಡಿಸಿದರೆ ಮಾತ್ರ! ಸಂಜೆ ನಾಲ್ಕರದ್ದು ಹೆಚ್ಚಾಗಿ ಬರುವುದೇ ಇಲ್ಲ. ಪೆಟ್ಟಿಗೆ ಕೆಟ್ಟಿತು ಅಂತಲೇ ಭಾವಿಸಿದ್ದೆ. ಕಾರಣ ಗಾಳಿಯಲ್ಲಿತ್ತು. ಬೆಳಿಗ್ಗೆ ನೆಲದ ಕಡೆಯಿಂದ ಕಡಲಿಗೆ ಗಾಳಿ, ನೆಲದ ಹತ್ತಿರ ತಂಪು. ಆಗ ಮೇಲೆ ಹೋದಷ್ಟೂ ಶಬ್ದದ ವೇಗ ಜಾಸ್ತಿ, ಹಾಗಾಗಿ ಶಬ್ದ ಬಾಗಿ ಕೆಳಗೆ ಬರುತ್ತದೆ. ಸಂಜೆ ಎದುರಿನಿಂದ ಕಡಲ ಗಾಳಿ, ನೆಲ ಬಿಸಿ. ಶಬ್ದ ಮೇಲಕ್ಕೆ ಬಾಗಿ ನಮ್ಮ ತಲೆ ಮೇಲಿಂದ ದಾಟಿ ಹೋಗುತ್ತದೆ.

ಇನ್ಫ್ರಾಸೌಂಡ್ ನೂರಾರು ಕಿಲೋಮೀಟರ್ ದೂರ ಹೋಗುವುದೂ ಇದೇ ಬಾಗುವಿಕೆಯಿಂದ. ಮೇಲೆ ಹೋದಂತೆ ಹವೆ ತಣ್ಣಗಾಗುತ್ತದೆ, ಶಬ್ದ ಮೇಲಕ್ಕೇ ಹೋಗುತ್ತದೆ. ಆದರೆ 50 ಕಿಲೋಮೀಟರ್ ಎತ್ತರದ ಹತ್ತಿರ, ಓಝೋನ್ ಬಿಸಿಲನ್ನು ಹೀರುವುದರಿಂದ ಹವೆ ಮತ್ತೆ ಬೆಚ್ಚಗಾಗುತ್ತದೆ. ಅಲ್ಲಿನ ಗಾಳಿ ಅದೇ ದಿಕ್ಕಿಗೆ ಬೀಸುತ್ತಿದ್ದರೆ ಶಬ್ದ ತಿರುಗಿ ನೆಲಕ್ಕೆ ಇಳಿಯುತ್ತದೆ, ಮತ್ತೆ ನೆಗೆಯುತ್ತದೆ. ದಾರಿಯಲ್ಲಿ ಸೋಲುವುದೂ ಕಡಿಮೆ. ಆವೃತ್ತಿ ಹತ್ತು ಪಟ್ಟು ಇಳಿದರೆ ಹವೆ ಹೀರುವುದು ಸುಮಾರು ನೂರು ಪಟ್ಟು ಇಳಿಯುತ್ತದೆ.

ಈಗ ಕೊರತೆಗಳು. ಗಡಿಯಾರ ಇಂಟರ್ನೆಟ್ಟನ್ನೇ ನಂಬಿದೆ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಹೋದರೆ ಸಮಯ ತಪ್ಪುತ್ತದೆ. ಒಂದು ಸಣ್ಣ ಬ್ಯಾಟರಿ ಇಟ್ಟಿದ್ದರೆ ಸಾಕಿತ್ತು, ಈ ಬೆಲೆಗೆ ಇದು ಒಪ್ಪುವಂಥದ್ದಲ್ಲ. ಗಾಳಿಯ ಬಾಯಿಗೆ ಜಾಲರಿ ಇಲ್ಲ. ಜೂನಿನಲ್ಲಿ ಇರುವೆ ಹೊಕ್ಕು ಗೆರೆ ಸತ್ತೇ ಹೋಗಿತ್ತು. ಈಗ ಸೊಳ್ಳೆಪರದೆಯ ಬಟ್ಟೆ ಕಟ್ಟಿದ್ದೇನೆ, ಪೈಪಿನ ತೂತುಗಳನ್ನು ಕೆಳಮುಖ ಮಾಡಿದ್ದೇನೆ. ಟೋಂಗಾದಂಥ ನಿಧಾನದ ಅಲೆಯನ್ನು ಇದು ಪೂರ್ತಿ ಹಿಡಿಯಲಾರದು, ಕೆಲವು ನಿಮಿಷಗಳ ಏರಿಳಿತವನ್ನು ಆ ಸೋರು ಕೊಳವೆಯೇ ನುಂಗುತ್ತದೆ. ಕೊಳ್ಳುವ ಮೊದಲು ನನಗೆ ಅದು ಗೊತ್ತಿರಲಿಲ್ಲ.

ಹಿತ್ತಲು ಇರುವವರು, ಕಾಯುವ ಮನಸ್ಸಿರುವವರು ಖಂಡಿತ ತಗೊಳ್ಳಿ. ಶಾಲೆಗಳಿಗಂತೂ ಬೇಕೇ ಬೇಕು. ಫ್ಲಾಟಿನಲ್ಲಿ ಇರುವವರಿಗೆ ಬೇಡ, ಲಿಫ್ಟು, ಬಾಗಿಲು, ಫ್ಯಾನುಗಳದ್ದೇ ಗಲಾಟೆ. ಐದರಲ್ಲಿ ನಾಲ್ಕು ಕೊಡುತ್ತೇನೆ.

ಒಂದೇ ಪೆಟ್ಟಿಗೆಯಿಂದ ಶಬ್ದ ಯಾವ ದಿಕ್ಕಿನಿಂದ ಬಂತು ಅಂತ ಗೊತ್ತಾಗುವುದಿಲ್ಲ. ಒಂದೆರಡು ಕಿಲೋಮೀಟರ್ ಅಂತರದಲ್ಲಿ ಮೂರಾದರೂ ಬೇಕು, ಯಾವುದಕ್ಕೆ ಮೊದಲು ತಲುಪಿತು ಅಂತ ನೋಡಲು. ಆದಿಉಡುಪಿ, ಅಂಬಲಪಾಡಿ ಕಡೆಯವರು ಯಾರಾದರೂ ತಗೊಂಡರೆ ದಯವಿಟ್ಟು ಇಲ್ಲಿ ತಿಳಿಸಿ. ಪಂಚ್ ನನ್ನ ಹತ್ತಿರ ಇದೆ, ಪೈಪಿಗೆ ತೂತು ನಾನೇ ಬಂದು ಹೊಡೆದು ಕೊಡುತ್ತೇನೆ.