ಒಪಿನೆಲ್ ನಂಬರ್ 8: ಬೆಳಗಾವಿ ಮಳೆಗೆ ಬಿಗಿ, ಇಂಡಿ ಬಿಸಿಲಿಗೆ ಸಡಿಲ

ಮೊದಲೇ ಹೇಳಿಬಿಡುತ್ತೇನೆ, ಒಪಿನೆಲ್ ಅನ್ನುವ ಈ ಮಡಚುವ ಚಾಕು ಚೆನ್ನಾಗಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಆದರೆ ಸ್ಕ್ರೂಡ್ರೈವರ್ ಹಿಡಿದು ಕಾಲು ಸುತ್ತು ತಿರುಗಿಸಿ ಸರಿ ಮಾಡುವ ಜಾತಿಯ ಚಾಕು ಇದಲ್ಲ, ಯಾಕೆಂದರೆ ಇದರಲ್ಲಿ ಸ್ಕ್ರೂನೇ ಇಲ್ಲ. ಬೀಚ್ ಕಟ್ಟಿಗೆಯ ಹಿಡಿ, ಅಲಗು, ಒಂದು ರಿವೆಟ್, ಹಿಡಿಯ ಕುತ್ತಿಗೆಗೆ ಕೂತ ಲೋಹದ ಪಟ್ಟಿ, ಅದರ ಮೇಲೆ ತಿರುಗುವ ಬಳೆ. ಒಟ್ಟು ಐದೇ ತುಂಡು. ಅಲಗು ಬಿಗಿಯಾಗಿರಬೇಕೋ ಸಡಿಲಾಗಿರಬೇಕೋ ಅನ್ನುವುದನ್ನು ಆ ಕಟ್ಟಿಗೆಯೇ ತೀರ್ಮಾನ ಮಾಡುತ್ತದೆ. ನಾನಿರುವುದು ಬೆಳಗಾವಿಯಲ್ಲಿ, ಹೆಂಡತಿಯ ತವರಿನ ಲಿಂಬೆ ತೋಟ ಇರುವುದು ಇಂಡಿ ಕಡೆ. ಹಾಗಾಗಿ ಒಂದೇ ಚಾಕು ಎರಡು ಹವೆಯಲ್ಲಿ ಎರಡು ಥರ ಆಡುವುದನ್ನು ಚೆನ್ನಾಗಿ ನೋಡಿದ್ದೇನೆ.

ಫ್ರಾನ್ಸಿನ ಸವೋಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ ಅನ್ನುವವನು 1890ರಲ್ಲಿ ಮಾಡಲು ಶುರು ಮಾಡಿದ ಚಾಕು ಇದು. ವಿರೋಬ್ಲಾಕ್ ಅನ್ನುವ ಆ ಬಳೆ ಬಂದದ್ದು 1955ರಲ್ಲಿ. ಮೊದಲು ಅಲಗು ತೆರೆದಾಗ ಮಾತ್ರ ಲಾಕ್ ಆಗುತ್ತಿತ್ತು, 2000ದಿಂದ ಮಡಚಿದಾಗಲೂ ಆಗುತ್ತದೆ. ಜೇಬಿನಲ್ಲಿ ತಾನಾಗಿ ತೆರೆದುಕೊಳ್ಳುವ ಭಯ ಇಲ್ಲ. ನಂಬರ್ 8ರ ಅಲಗು ಎಂಟೂವರೆ ಸೆಂಟಿಮೀಟರ್, ಮಡಚಿದರೆ ಹನ್ನೊಂದು. ತೂಕ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ.

ಈಗ ಮಳೆಗಾಲದ ಕಥೆ. ಬೆಳಗಾವಿಯಲ್ಲಿ ಜುಲೈ ಮಳೆ ಹಿಡಿದರೆ ಗೊತ್ತಲ್ವಾ, ಬಟ್ಟೆ ಒಣಗುವುದಿಲ್ಲ, ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಚಾಕುವಿನ ಹಿಡಿಯೂ ಹಾಗೇ ತೇವ ಎಳೆದುಕೊಂಡು ಉಬ್ಬುತ್ತದೆ, ಅಲಗು ಮಡಚಿ ಕೂರುವ ಸೀಳಿನ ಎರಡೂ ಗೋಡೆಗಳು ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತವೆ. ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆದರೆ ಉಗುರೇ ಕಿತ್ತು ಬರಬೇಕು, ಅಲಗು ಬರುವುದಿಲ್ಲ. ಇದಕ್ಕೆ ಆ ಸವೋಯ್ ಜನರದೇ ಒಂದು ಉಪಾಯ ಇದೆ. ಬಳೆಯ ಸೀಳು ಅಲಗಿನ ಸಾಲಿಗೆ ಬರುವಂತೆ ತಿರುಗಿಸಿ, ಹಿಡಿಯ ಹಿಂದಿನ ತುದಿಯನ್ನು ಮೇಜಿನ ಅಂಚಿಗೆ ಟಕ್ ಅಂತ ಬಡಿಯಬೇಕು. ಅಲಗು ಸ್ವಲ್ಪ ಹೊರಗೆ ಇಣುಕುತ್ತದೆ, ಆಮೇಲೆ ಬೆರಳಲ್ಲಿ ಹಿಡಿದು ತೆರೆಯಬಹುದು. ಬೆರಳು ಅಲಗಿನ ಬೆನ್ನಿನ ಕಡೆ ಇರಲಿ.

ಅದೇ ಚಾಕುವನ್ನು ಏಪ್ರಿಲ್‌ನಲ್ಲಿ ಇಂಡಿಗೆ ಒಯ್ದರೆ ಉಲ್ಟಾ. ಆ ಒಣ ಬಿಸಿಲಿಗೆ ಕಟ್ಟಿಗೆ ಕುಗ್ಗಿ ಅಲಗು ಎಡಕ್ಕೆ ಬಲಕ್ಕೆ ಅಲ್ಲಾಡತೊಡಗುತ್ತದೆ. ಇದನ್ನು ನೋಡಿದ ಕೂಡಲೇ ಎಲ್ಲರಿಗೂ ಹೊಳೆಯುವುದು ಬಳೆ ಬಿಚ್ಚಿ ರಿವೆಟ್ ತಟ್ಟಿಬಿಡೋಣ ಅನ್ನುವುದು. ತಟ್ಟಿದರೆ ಬಿಗಿಯಾಗುವುದು ನಿಜ. ರಿವೆಟ್ಟಿನ ಒಂದು ತಲೆಯನ್ನು ಗಟ್ಟಿ ಕಬ್ಬಿಣದ ಮೇಲಿಟ್ಟು ಇನ್ನೊಂದನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಪಟ್ಟಿಯ ಎರಡೂ ಕೆನ್ನೆಗಳು ಹತ್ತಿರ ಬರುತ್ತವೆ. ಆದರೆ ಬೇಸಿಗೆಯಲ್ಲಿ ಇಂಡಿಯಲ್ಲಿ ಕೂತು ಬಿಗಿ ಮಾಡಿದ ಚಾಕು ಜುಲೈನಲ್ಲಿ ಬೆಳಗಾವಿಯಲ್ಲಿ ತೆರೆಯುವುದೇ ಇಲ್ಲ, ಮತ್ತೆ ಒಮ್ಮೆ ತಟ್ಟಿದ ರಿವೆಟ್ಟನ್ನು ಸಡಿಲ ಮಾಡುವುದು ಸುಲಭ ಅಲ್ಲ. ಮಳೆಗಾಲದಲ್ಲೂ ಅಲ್ಲಾಡುತ್ತಿದ್ದರೆ ಮಾತ್ರ ರಿವೆಟ್ ಮುಟ್ಟಿ. ಬೇಸಿಗೆಯ ಸಣ್ಣ ಅಲ್ಲಾಟಕ್ಕೆ ಸುಮ್ನೆ ಇರಿ, ಬಳೆ ತಿರುಗಿಸಿ ಲಾಕ್ ಮಾಡಿದರೆ ಅಲಗು ಮಡಚಿಕೊಳ್ಳುವುದಿಲ್ಲ.

ಬೇಸಿಗೆಯಲ್ಲಿ ಮಾಡಬೇಕಾದ ಕೆಲಸ ಬೇರೆ ಇದೆ, ಅದು ಮೇಣದ್ದು. ಕಟ್ಟಿಗೆ ಪೂರ್ತಿ ಒಣಗಿರುವಾಗಲೇ ತೇವ ಒಳಗೆ ಹೋಗುವ ದಾರಿ ಮುಚ್ಚಬೇಕು. ಹೇರ್ ಡ್ರೈಯರ್‌ನಿಂದ ಕುತ್ತಿಗೆಯ ಭಾಗ ಬೆಚ್ಚಗೆ ಮಾಡಿ, ಕರಗಿಸಿದ ಜೇನುಮೇಣ ಅಥವಾ ಬರೀ ವ್ಯಾಸಲೀನ್ ಸೀಳಿನೊಳಗೆ ಬಿಟ್ಟು, ಅಲಗನ್ನು ತೆರೆದು ಮುಚ್ಚಿ ತೆರೆದು ಮುಚ್ಚಿ ಒಳಗಿನ ಗೋಡೆಗೆಲ್ಲ ಹತ್ತಿಸಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಇದಾದ ಮೇಲೂ ಮಳೆಗಾಲದಲ್ಲಿ ತೀರಾ ಕಚ್ಚಿಕೊಂಡರೆ ನುಣುಪು ಪಾಲಿಶ್ ಪೇಪರ್ ಮಡಚಿ ರಿವೆಟ್ಟಿನ ಹತ್ತಿರದ ಒಳಗೋಡೆ ಉಜ್ಜಬಹುದು. ಚೂರೇ ಚೂರು ಉಜ್ಜಿ, ಜಾಸ್ತಿ ಉಜ್ಜಿದರೆ ಬೇಸಿಗೆಯಲ್ಲಿ ಗಿಲಕಿ ಆಡುತ್ತದೆ.

ಬಳೆಯೂ ತನ್ನಷ್ಟಕ್ಕೆ ಬಿಗಿಯೋ ಸಡಿಲೋ ಆಗುತ್ತದೆ. ಅದು ಸೀಳು ಇರುವ ಸ್ಪ್ರಿಂಗ್ ಥರದ ಉಕ್ಕು. ಸಡಿಲಾದರೆ ಪಕ್ಕಡದಿಂದ ಸ್ವಲ್ಪ ಒತ್ತಬೇಕು, ಬಿಗಿಯಾದರೆ ಸ್ವಲ್ಪ ಅಗಲಿಸಬೇಕು. ಬಿಚ್ಚುವುದಕ್ಕೆ ಸರ್ಕ್ಲಿಪ್ ಪ್ಲೈಯರ್, ಅಂದರೆ ಇಂಥ ಸೀಳುಬಳೆ ಅಗಲಿಸುವ ಪಕ್ಕಡ, ಇದ್ದರೆ ಒಳ್ಳೆಯದು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಕೈ ಜಾರಿದರೆ ಅದು ಎಲ್ಲಿಗೆ ಹಾರುತ್ತದೋ ಹೇಳಲಾಗದು.

ಎಣ್ಣೆ ವಿಷಯ ನಮ್ಮ ಕಡೆಯವರು ಮುಖ್ಯವಾಗಿ ಓದಬೇಕು. ಮನೆಯಲ್ಲಿ ಕುಸುಬಿ ಎಣ್ಣೆ ಇದೆ ಅಂತ ಅದನ್ನೇ ರಿವೆಟ್ಟಿಗೆ ಬಿಡಬೇಡಿ. ಕುಸುಬಿ ಮತ್ತು ಅಗಸಿ ಎರಡೂ ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆಗಳು, ಕೆಲವು ವಾರಕ್ಕೆ ಒಳಗೆ ಅಂಟಂಟು. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಆದರೆ 24 ಡಿಗ್ರಿ ಆಸುಪಾಸು ಹೆಪ್ಪುಗಟ್ಟುತ್ತದೆ. ಬೆಳಗಾವಿಯ ಡಿಸೆಂಬರ್ ಬೆಳಗಿಗೆ ಅಷ್ಟು ಸಾಕು, ಚಾಕು ಮತ್ತೆ ಬಿಗಿ. ಹೊಲಿಗೆ ಮಷೀನ್ ಎಣ್ಣೆ ಒಂದು ಹನಿ ನಡೆಯುತ್ತದೆ, ಆದರೆ ಹಣ್ಣು ಹೆಚ್ಚುವ ಚಾಕುವಿಗೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು. ಗಟ್ಟಿಯಾಗುವ ಅದೇ ಗುಣಕ್ಕೆ ಅಗಸಿ ಎಣ್ಣೆ ಹಿಡಿಯ ಹೊರಮೈಗೆ ಚೆನ್ನಾಗಿ ಒಪ್ಪುತ್ತದೆ. ತೆಳ್ಳಗೆ ಸವರಿ, ಒರೆಸಿ, ಒಣಗಲು ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸಿ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತುವುದುಂಟು. ಬಿಡಿಸಿ ಹರಡಿ ಒಣಗಿಸಿ, ಆಮೇಲೆ ಬಿಸಾಡಿ.

ಅಲಗು ಕಾರ್ಬನ್ ಉಕ್ಕಿನದು ತಗೊಂಡರೆ ಅದು ಕಪ್ಪಾಗುತ್ತದೆ ಅನ್ನುವುದು ಮೊದಲೇ ಗೊತ್ತಿರಲಿ. ಲಿಂಬೆ ಹಣ್ಣು ಕೊಯ್ದು ಒರೆಸದೆ ಇಟ್ಟರೆ ಊಟ ಮುಗಿಯುವುದರೊಳಗೆ ಬೂದು ಕಲೆ. ಬಾಗಲಕೋಟೆ ಕಡೆಯ ದಾಳಿಂಬೆ ಇನ್ನೂ ಮಜಾ. ಸಿಪ್ಪೆ ಸೀಳುತ್ತಿದ್ದ ಹಾಗೆ ಅಲಗಿನ ಮೇಲೆ ನೀಲಿಗಪ್ಪು ಓಡುತ್ತದೆ, ಯಾಕೆಂದರೆ ಸಿಪ್ಪೆಯ ಒಗರೂ ಕಬ್ಬಿಣವೂ ಸೇರಿದರೆ ಆಗುವುದು ಶಾಯಿ. ಈ ಕಪ್ಪು ಹೋಗಬೇಕಿಲ್ಲ, ಅದಿದ್ದರೆ ತುಕ್ಕು ಸ್ವಲ್ಪ ನಿಧಾನ ಹಿಡಿಯುತ್ತದೆ. ಕೆಂಪಗೆ ಪುಡಿಪುಡಿ ಕಂಡರೆ ಅದು ತುಕ್ಕು, ಆಗಿಂದಾಗಲೇ ಉಜ್ಜಿ ತೆಗೆಯಿರಿ. ರೊಟ್ಟಿ ಜೊತೆ ಉಳ್ಳಾಗಡ್ಡಿ ಹೆಚ್ಚಿದ ಮೇಲೆ ಒದ್ದೆ ಬಟ್ಟೆ, ಹಿಂದೆಯೇ ಒಣ ಬಟ್ಟೆ. ನೀರಿನ ಬೋಗುಣಿಯಲ್ಲಿ ಅದ್ದಿ ಇಡುವುದಂತೂ ಬೇಡವೇ ಬೇಡ. ಸೀಳಿನೊಳಗೆ ಕೂತ ಕುಂದಾ, ಬೆಲ್ಲ, ಜೇಬಿನ ದೂಳು ತೆಗೆಯಲು ಊದಿನಕಡ್ಡಿಯ ಕಡ್ಡಿ ಸಾಕು.

ಧಾರ ಹೋದಾಗ ಬೀದಿಯಲ್ಲಿ ಬರುವ ಸಾಣೆ ಚಕ್ರಕ್ಕೆ ಕೊಡಬೇಡಿ. ಅವರ ಕೈಚಳಕದ ಬಗ್ಗೆ ನನ್ನ ತಕರಾರಿಲ್ಲ, ಇಳಿಗೆಗೆ ಕೊಡಲಿಗೆ ಅದು ಸರಿ. ಆದರೆ ಎರಡು ಮಿಲಿಮೀಟರ್‌ಗೂ ತೆಳ್ಳಗಿನ ಈ ಅಲಗು ಒಣ ಚಕ್ರದ ಮೇಲೆ ಕ್ಷಣದಲ್ಲಿ ಕಾಯುತ್ತದೆ, ಅಂಚು ನೀಲಿಗೆ ತಿರುಗಿದರೆ ಅಲ್ಲಿನ ಹದ ಹೋಯಿತು ಅಂತಲೇ ಲೆಕ್ಕ. 1000 ಗ್ರಿಟ್‌ನ ಕಲ್ಲು ನೆನೆಸಿ, ಪ್ರತಿ ಕಡೆ ಸುಮಾರು 20 ಡಿಗ್ರಿ ಕೋನದಲ್ಲಿ ಎಳೆಯಿರಿ, ಒಂದು ಕಡೆ ಎಳೆದಾಗ ಇನ್ನೊಂದು ಕಡೆ ಬೆರಳಿಗೆ ಸಣ್ಣ ಮುಳ್ಳು ತಾಗಬೇಕು, ಆಮೇಲೆ ಮಗ್ಗುಲು ಬದಲಿಸಿ. ಕೊನೆಯ ನಯಕ್ಕೆ ನಾನು ಬಳಸುವುದು ಅಥಣಿಯಲ್ಲಿ ಮಾಡಿದ ಹಳೆಯ ಕೊಲ್ಹಾಪುರಿ ಚಪ್ಪಲಿಯ ತೊಗಲು. ಚೆನ್ನಾಗಿ ತೊಳೆದು ಒಣಗಿಸಿ ಹಲಗೆಗೆ ಅಂಟಿಸಿದ್ದೇನೆ. ಅದರ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು, ಧಾರ ಮುಂದಾದರೆ ತೊಗಲು ಕತ್ತರಿಸಿಹೋಗುತ್ತದೆ.

ಕಬ್ಬು ಸಿಪ್ಪೆ ಸುಲಿಯಬಹುದು, ಆದರೆ ಗಣಿಕೆಗೆ ಸಿಕ್ಕಿಸಿ ತಿರುವಬೇಡಿ. ಮೊನೆ ತೆಳ್ಳಗಿದೆ, ಮುರಿಯುತ್ತದೆ.

ಕಡಿಮೆ ಮಾಡಿದ ಒಂದು ಅಂಕ ಚಾಕುವಿನದೇ, ಇಷ್ಟು ಬೆಲೆಗೆ ಕಾರ್ಖಾನೆಯಲ್ಲೇ ಸೀಳಿನ ಒಳಗೋಡೆಗೆ ಮೇಣ ಹಾಕಿ ಕಳಿಸಬಹುದಿತ್ತು. ಆನ್‌ಲೈನ್‌ನಲ್ಲಿ ಮಾರಿದವರ ಮೇಲೂ ಸಿಟ್ಟಿದೆ, ಕಾರ್ಬನ್ ಅಂತ ಆರ್ಡರ್ ಮಾಡಿದರೆ ಮೊದಲು ಬಂದದ್ದು ಸ್ಟೇನ್‌ಲೆಸ್, ವಾಪಸ್ ಮಾಡಲು ರಗಳೆ. ಡಬ್ಬಿ ತೆರೆದ ಕೂಡಲೇ ಅಲಗಿನ ಮೇಲಿನ ಅಚ್ಚು ನೋಡಿ, ಸ್ಟೇನ್‌ಲೆಸ್ ಆದರೆ ಇನಾಕ್ಸ್ ಅಂತ ಒತ್ತಿರುತ್ತದೆ. ಹಾಗಂತ ಇನಾಕ್ಸ್ ಕೆಟ್ಟದ್ದಲ್ಲ, ಒರೆಸಲು ಬೇಜಾರು ಇರುವವರಿಗೆ, ಲಿಂಬೆ ಮಾವಿನಕಾಯಿ ಜಾಸ್ತಿ ಕೊಯ್ಯುವವರಿಗೆ ಅದೇ ಸರಿ. ಹಿಡಿ ಮಾತ್ರ ಎರಡರಲ್ಲೂ ಅದೇ ಬೀಚ್, ಇನಾಕ್ಸ್ ಕೊಂಡರೂ ಮೇಣದ ಕೆಲಸ ತಪ್ಪುವುದಿಲ್ಲ.